ಗುಂಡಿ ಅಂಗಡಿಗೆ ಜಾಗ ಕೊಟ್ಟ ಬೀಗಿತ್ತಿ

ಬಸ್ಸು ಓಡಿಸುವ ಮಗ ಒಂದು ಸಂಜೆ ಕೆಲಸ ಮುಗಿಸಿ ಬಂದವನು, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ಸುದ್ದಿ ಹೇಳಿದ. ತಾಯಿಗೆ ಅದು ಮೊದಲೇ ಗೊತ್ತಿತ್ತು. ಇದ್ದಕ್ಕಿದ್ದ ಹಾಗೆ ತಲೆ ಬಾಚುವ ರೀತಿಯನ್ನೇ ಬದಲಾಯಿಸಿಕೊಂಡ ಗಂಡಸಿನ ಗುಟ್ಟು ಎಷ್ಟು ದಿನ ನಿಂತೀತು? ಆಕೆ ಕೇಳಿದ್ದು ಒಂದೇ.

"ಹುಡುಗಿಯ ಅಮ್ಮ ಏನು ಮಾಡ್ತಾರೆ?"

"ಜಾಗ ಬಾಡಿಗೆಗೆ ಕೊಡೋ ಆಫೀಸಲ್ಲಿದ್ದಾರೆ. ವೆಬ್‌ಸೈಟ್ ಇಟ್ಕೊಂಡಿರೋರಿಗೆ ಜಾಗ."

"ಬಾಡಿಗೆದಾರರು ಬಹಳ ಜನವೋ?"

"ಸಾವಿರಾರು."

ತಾಯಿ ತನ್ನ ಹರಿದ ಸೋಫಾದ ಕಡೆ ನೋಡಿದಳು. ಅಂಗಿ, ಕೋಟು, ಸ್ವೆಟರಿನ ಗುಂಡಿಗಳನ್ನು ಮಾರುತ್ತಿದ್ದುದರಿಂದ ಬೀದಿಯೆಲ್ಲ ಆಕೆಯನ್ನು ಗುಂಡಿಯಮ್ಮ ಅನ್ನುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಾವಿರಾರು ಬಾಡಿಗೆದಾರರಿರುವ ಹೆಂಗಸು ತನ್ನ ಮನೆಯ ಸೋಫಾದಲ್ಲಿ ಎಲ್ಲಿ ಕೂತಾಳು ಅನ್ನುವುದೇ ಗುಂಡಿಯಮ್ಮನಿಗೆ ಚಿಂತೆಯಾಗಿ, ಹರಿದ ಕಡೆ ಒಂದು ದಿಂಬು ಇಟ್ಟು ಮುಚ್ಚಿದಳು.

ಮಾತುಕತೆಗೆ ಮಗಳ ಜೊತೆ ಬಂದ ಬೀಗಿತ್ತಿ ಆ ದಿಂಬನ್ನೇ ಪಕ್ಕಕ್ಕೆ ಸರಿಸಿ, ಹರಿದ ಕಡೆಯೇ ಕೂತಳು. ದಪ್ಪ ಗಾಜಿನ ಕನ್ನಡಕ, ನಡೆದು ನಡೆದು ಒಂದು ಕಡೆ ಸವೆದ ಚಪ್ಪಲಿ. ಗಂಡ ತೀರಿಕೊಂಡ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಸಿಕ್ಕಿಸುವ ಕೆಲಸ ಮಾಡಿದವಳಂತೆ. ಎಕ್ಸ್‌ಚೇಂಜು ಮುಚ್ಚಿದಾಗ, ಮಗಳ ಶಾಲೆಯ ಪುಸ್ತಕದ ಪಕ್ಕ ತನ್ನದೂ ಒಂದು ಪುಸ್ತಕ ತೆರೆದಿಟ್ಟುಕೊಂಡು ಕಂಪ್ಯೂಟರ್ ಕಲಿತಳಂತೆ. ಈಗ ಆಫೀಸಿನಲ್ಲಿ, ವೆಬ್‌ಸೈಟು ಕೆಟ್ಟಿತು ಅಂತ ಕೂಗಾಡುವವರ ಫೋನು ಎತ್ತುವುದು ಆಕೆಯ ಕೆಲಸ. ಅವರಿಗೆಲ್ಲ ಆಕೆ ಹೇಳುತ್ತಿದ್ದುದು ಒಂದೇ ಮಾತು: "ಗಾಬರಿ ಬೇಡ. ಈಗ ನಿಮ್ಮ ಕಣ್ಣಿಗೆ ಏನು ಕಾಣ್ತಿದೆ, ಅದನ್ನ ಹೇಳಿ." ಆ ದಿನ ಒಳಗೆ ಹಾಲು ಉಕ್ಕಿ ಹುಡುಗಿ ಚೀರಿದಾಗಲೂ ಕೂತಲ್ಲಿಂದಲೇ, "ಗಾಬರಿ ಬೇಡ, ಏನು ಕಾಣ್ತಿದೆ ಹೇಳು" ಅಂದಳು.

"ಒಲೆ ಕಾಣ್ತಿಲ್ಲ," ಅಂದಳು ಮಗಳು. ಗುಂಡಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಬೀಗತನ ಕುದುರಿದ್ದು ಅಲ್ಲೇ.

ಮದುವೆಯೇನೋ ಆಯಿತು, ಅಂಗಡಿ ಮಾತ್ರ ಸೊರಗುತ್ತಾ ಬಂತು. ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಬಿಸಾಕುವ ಕಾಲ. ತೀರಿಕೊಂಡ ಗಂಡ ಬಿಟ್ಟುಹೋದ ಗುಂಡಿಗಳು ಡಬ್ಬಿಗಳಲ್ಲಿ ಚಾವಣಿಯವರೆಗೆ: ಮರದ್ದು, ಕೊಂಬಿನದು, ಚಿಪ್ಪಿನದು, ಈಗ ಯಾರೂ ಮಾಡದೇ ಇರುವಂಥವು. ಪಕ್ಕದ ಕ್ಷೌರದಂಗಡಿಯವನಿಗೆ ಇನ್ನೊಂದು ಕೋಣೆ ಬೇಕಿತ್ತು. ಮಗ ತಾಯಿಯ ಮುಖ ನೋಡದೆ, "ಈ ವರ್ಷ ನೋಡೋಣಮ್ಮ. ಹೀಗೇ ಆದ್ರೆ ಕೋಣೆ ಅವನಿಗೆ ಕೊಟ್ಟುಬಿಡೋಣ" ಅಂದ. ಗುಂಡಿಯಮ್ಮ ಡಬ್ಬಿಯೊಂದನ್ನು ಇಳಿಸಿ ಗುಂಡಿಗಳನ್ನು ವಿಂಗಡಿಸತೊಡಗಿದಳು. ಆ ಕೋಣೆ ಹೋದರೆ, ಬೆಳಗಾದರೆ ಯಾಕೆ ಏಳಬೇಕು?

ಬೀಗಿತ್ತಿಗೆ ಈ ಸಂಗತಿ ಮಗಳಿಂದ ತಿಳಿಯಿತು. ಮಾರನೆಯ ವಾರವೇ ಬಂದು ಡಬ್ಬಿಗಳ ನಡುವೆ ಮೊಣಕಾಲೂರಿ ಕೂತಳು.

"ಬೀಗ್ರೇ, ಜೊತೆ ಗುಂಡಿ ಕಳೆದುಕೊಂಡೋರು ಲೋಕದಲ್ಲೆಲ್ಲ ಇದ್ದಾರೆ. ಅವರಿಗೆ ನಿಮ್ಮ ಬೀದಿ ಗೊತ್ತಿಲ್ಲ, ಅಷ್ಟೇ. ವೆಬ್‌ಸೈಟ್ ಮಾಡೋಣ. ಮೊದಲು ಒಂದು ಹೆಸರು ತಗೋಬೇಕು. ಆಮೇಲೆ ಜಾಗ."

"ಹೆಸರು ಬೇರೆ, ಜಾಗ ಬೇರೆಯೋ?"

"ಬೇರೆಯೇ. ಹೆಸರು ಕೊಂಡುಬಿಟ್ಟರೆ ಸಾಲದು, ಅದನ್ನ ಜಾಗಕ್ಕೆ ಸಿಕ್ಕಿಸಬೇಕು. ಇಲ್ಲದಿದ್ರೆ ಹೆಸರು ಕರೆದೋರಿಗೆ ಬಾಗಿಲೇ ಸಿಗಲ್ಲ."

ಗುಂಡಿಯಮ್ಮ ಕ್ಷಣ ಯೋಚಿಸಿ, "ಹಾಗನ್ನಿ. ಹೆಸರು ಗುಂಡಿ, ಜಾಗ ಅದು ತೂರೋ ಕಾಜ," ಅಂದಳು.

ಬೀಗಿತ್ತಿ ಕನ್ನಡಕ ತೆಗೆದು ಒರೆಸಿಕೊಂಡಳು. "ಇಷ್ಟು ವರ್ಷ ಫೋನಲ್ಲಿ ಬಾಯಿ ನೋಯಿಸಿಕೊಂಡೆ. ಈ ಮಾತು ನನಗೆ ಹೊಳೀಲಿಲ್ಲವಲ್ಲ."

ಜಗಳವಾದದ್ದು ಜಾಗದ ವಿಷಯಕ್ಕೆ. ಬೀಗಿತ್ತಿ ತನ್ನ ಆಫೀಸಿನ ಯಂತ್ರಗಳ ಕೋಣೆಯಲ್ಲಿಡೋಣ ಅಂದಳು. ಗುಂಡಿಯಮ್ಮ ಒಪ್ಪಲಿಲ್ಲ. "ನನ್ನ ಅಂಗಡಿ ಊರಾಚೆ ಯಾರದೋ ಕೋಣೆಯಲ್ಲಿ ಯಾಕಿರಬೇಕು? ನನ್ನ ಕಣ್ಣೆದುರೇ ಇರಲಿ." ಹಿಡಿದ ಪಟ್ಟು ಬಿಡುವ ಪೈಕಿಯಲ್ಲ. ಕೊನೆಗೆ ಬೀಗಿತ್ತಿಯೇ ಸೋತು, ಒಂದು ಹಳೆಯ ಕಂಪ್ಯೂಟರನ್ನು ತಂದು ಕೌಂಟರಿನ ಕೆಳಗೆ ಕೂರಿಸಿದಳು. ಗುಂಡಿಗಳ ಫೋಟೋ ಹಾಕಿದ್ದಾಯಿತು. "ಇದರಲ್ಲೇ ನಿಮ್ಮ ವೆಬ್‌ಸೈಟು ಇರೋದು. ಯಾರು ನೋಡಬೇಕಂದ್ರೂ ಇದನ್ನೇ ಬಂದು ಕೇಳ್ತಾರೆ," ಅಂದಳು. ಗುಂಡಿಯಮ್ಮ ಅದಕ್ಕೆ ದಿನಾ ಧೂಳು ಹೊಡೆದಳು, ಸೊಸೆಯಿಂದ ಕೀಲಿ ಒತ್ತುವುದನ್ನು ಕಲಿತಳು, ಗಿರಾಕಿಗೆ ಕಾದಂತೆ ಅದರ ಮುಂದೆ ಕಾದಳು.

ಯಾರೂ ಬರಲಿಲ್ಲ.

ಸೊಸೆ ಬಂದು, "ಅತ್ತೆ, ನನ್ನ ಗೆಳತಿಯರು ನೋಡಿದ್ರಂತೆ, ತೆರೆಯೋದೇ ಇಲ್ಲವಂತೆ" ಅಂದಳು. ಬೀಗಿತ್ತಿಯನ್ನು ಕೇಳಿದರೆ, "ಆಫೀಸಿಂದ ದಿನಾ ನೋಡ್ತೀನಿ, ಚೆನ್ನಾಗಿ ತೆರೆಯುತ್ತೆ. ನೀವೇನಾದ್ರೂ ಮುಟ್ಟಿದಿರಾ?" ಅಂದಳು. ಗುಂಡಿಯಮ್ಮನಿಗೆ ರೇಗಿತು. "ಧೂಳು ಹೊಡೆದೆ. ಅದೂ ತಪ್ಪಾ?" ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೀಗರ ನಡುವೆ ಫೋನು ಕಮ್ಮಿಯಾಯಿತು. ಕ್ಷೌರದವನು ಟೇಪು ಹಿಡಿದು ಬಂದು ಕೋಣೆಯನ್ನು ಅಳೆದುಕೊಂಡೂ ಹೋದ.

ಅವತ್ತೇ ಬೀಗಿತ್ತಿ, ಆಫೀಸಿನಿಂದ ನೇರ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. "ಏನಿದೆ ಅಂತ ನೋಡಿಯೇ ಏಳೋದು," ಅಂದಳು. ಕಂಪ್ಯೂಟರ್ ಗುಂಯ್ ಅನ್ನುತ್ತಿತ್ತು. ಎಲ್ಲ ಸರಿಯಿತ್ತು. ಬಾಗಿಲು ಹಾಕುವ ಹೊತ್ತಾಯಿತು. ಗುಂಡಿಯಮ್ಮ ಡಬ್ಬಿ ಮುಚ್ಚಿದಳು, ಕೌಂಟರು ಒರೆಸಿದಳು, ಕಿಟಕಿ ಎಳೆದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಅಂಗಡಿಯ ಮೇನ್ ಸ್ವಿಚ್ಚನ್ನು ಟಪ್ಪನೆ ಕೆಳಗಿಳಿಸಿದಳು.

ಗುಂಯ್ ಅನ್ನುವುದು ನಿಂತಿತು.

ಕತ್ತಲಲ್ಲಿ ಬೀಗಿತ್ತಿಯ ದನಿ ಬಂತು. "ಬೀಗ್ರೇ, ದಿನಾ ಹೀಗೇ ಮಾಡ್ತೀರಾ?"

"ಮದುವೆಯಾಗಿ ಬಂದಾಗಿಂದ. ಹಿಂದಿನ ಬೀದಿಯ ದರ್ಜಿ ಅಂಗಡಿ ವೈರು ಸುಟ್ಟೇ ಅಲ್ಲವಾ ಬೂದಿಯಾಗಿದ್ದು. ನಮ್ಮವರು ಇದನ್ನ ಇಳಿಸದೆ ಊಟಕ್ಕೆ ಕೂತವರಲ್ಲ. ನಾನೂ ಅಷ್ಟೇ. ಯಾಕೆ?"

"ಅಂಗಡಿ ಮುಚ್ಚಿದ್ರೆ ವೆಬ್‌ಸೈಟೂ ಮಲಗಬೇಕಾ?"

"ಮತ್ತೆ? ಗಿರಾಕಿ ಬಂದ್ರೆ ಗುಂಡಿ ತೆಗೆದುಕೊಡೋಕೆ ನಾನೇ ಇರಲ್ಲವಲ್ಲ."

ಬೀಗಿತ್ತಿ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಕೌಂಟರಿಗೆ ಒರಗಿದಳು. "ನಾನು ಆಫೀಸಲ್ಲಿ ನೋಡೋ ಹೊತ್ತಿಗೆ ನಿಮ್ಮ ಅಂಗಡಿ ತೆರೆದಿರುತ್ತೆ. ಜನ ನೋಡೋ ಹೊತ್ತಿಗೆ ನೀವು ಸ್ವಿಚ್ ಇಳಿಸಿರ್ತೀರಿ. ಗುಂಡಿ ಕಿತ್ತುಹೋಗಿರೋದು ಯಾವಾಗ ಕಾಣುತ್ತೆ ಹೇಳಿ?"

ಗುಂಡಿಯಮ್ಮ ತನಗರಿವಿಲ್ಲದೆಯೇ ತನ್ನ ಕುತ್ತಿಗೆಯ ಬಳಿಯ ಗುಂಡಿ ಮುಟ್ಟಿ ನೋಡಿಕೊಂಡಳು. "ಸಂಜೆ. ಬಟ್ಟೆ ಬದಲಾಯಿಸುವಾಗ," ಅಂದಳು ಮೆಲ್ಲಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಆಮೇಲೆ ಆಕೆಗೂ ನಗು ಬಂತು. ಇಬ್ಬರೂ ಕತ್ತಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು ಕೇಳಿ, ಮಗ ಒಳಗಿನಿಂದ ಟಾರ್ಚು ಹಿಡಿದು ಓಡಿಬಂದ.

ಸ್ವಿಚ್ಚು ಇಳಿಸುವುದನ್ನು ಬಿಡಬೇಕೆಂದರೂ ಗುಂಡಿಯಮ್ಮನಿಂದ ಆಗದು ಅಂತ ಬೀಗಿತ್ತಿಗೆ ಗೊತ್ತಿತ್ತು. ಕೈಹಿಡಿದು ತನ್ನ ಆಫೀಸಿಗೆ ಕರೆದುಕೊಂಡು ಹೋದಳು. ಯಂತ್ರಗಳ ಕೋಣೆ ಒಳಗೆ ಚಳಿಚಳಿ. ಕಪಾಟಿನ ಮೇಲೆ ಕಪಾಟು, ಸಾಲು ಸಾಲು ಹಸಿರು ದೀಪ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಸೋತರೆ ಜನರೇಟರ್. ಒಂದು ಕೆಟ್ಟರೆ ಇರಲಿ ಅಂತ ಎಲ್ಲದಕ್ಕೂ ಬೇರೆ ಕಡೆ ಇನ್ನೊಂದು ಪ್ರತಿ.

"ಇಷ್ಟು ದೀಪ ಉರೀತಿದೆ. ಆರಿಸೋರು ಯಾರೂ ಇಲ್ಲವಾ?" ಅಂದಳು ಗುಂಡಿಯಮ್ಮ.

"ಆರದ ಹಾಗೆ ನೋಡ್ಕೊಳ್ಳೋಕೇ ನನಗೆ ಸಂಬಳ, ಬೀಗ್ರೇ."

ವೆಬ್‌ಸೈಟಿನ ಅಂಗಡಿ ಅಲ್ಲಿಗೆ ಹೋಯಿತು. ಹೆಸರನ್ನು ಹೊಸ ಜಾಗಕ್ಕೆ ಸಿಕ್ಕಿಸಿದ ಸುದ್ದಿ ಲೋಕಕ್ಕೆಲ್ಲ ಮುಟ್ಟಲು ಒಂದೆರಡು ದಿನ ಬೇಕು ಅಂದಿದ್ದಳು ಬೀಗಿತ್ತಿ. ಅಷ್ಟರಲ್ಲೇ ಒಂದು ಬೆಳಿಗ್ಗೆ ವಾದ್ಯಗಾರನೊಬ್ಬನ ಫೋಟೋ ಬಂತು: ನೀಲಿ ಕೋಟು, ಹಿತ್ತಾಳೆ ಗುಂಡಿಗಳು, ನಡುವೆ ಒಂದು ಕಡೆ ಬರೀ ದಾರ. ಗುಂಡಿಯಮ್ಮ ಏಣಿ ಹತ್ತಿ ನೇರ ಆ ಡಬ್ಬಿಗೇ ಕೈಹಾಕಿದಳು. ಆಮೇಲೆ ಒಬ್ಬ ಅಜ್ಜಿಯ ಸ್ವೆಟರು, ಒಬ್ಬ ಮದುಮಗನ ಅಂಗಿ, ಒಂದು ಬಟ್ಟೆಗೊಂಬೆಯ ಕಣ್ಣು. ದಿನ ಕಳೆದಂತೆ ಮಗ ಡ್ಯೂಟಿಗೆ ಹೊರಡುವಾಗ, "ಅಮ್ಮ, ಪೋಸ್ಟಿಗೆ ಹಾಕೋದು ಇದೆಯಾ?" ಅಂತ ಕೇಳುವುದು ರೂಢಿಯಾಯಿತು. ಕ್ಷೌರದವನ ಮಾತು ಮತ್ತೆ ಎತ್ತಲಿಲ್ಲ. ಕ್ಷೌರದವನೇ ಒಂದು ದಿನ ಬಂದು, "ನನಗೂ ಒಂದು ಜಾಗ ಕೊಡಿಸ್ತಾರಾ ನಿಮ್ಮ ಬೀಗ್ರು?" ಅಂದ. "ಆಗಲಿ, ಟೇಪು ತಗೊಂಡು ಬಾ, ಅಳೆದು ಕೊಡ್ತಾರೆ," ಅಂದಳು ಗುಂಡಿಯಮ್ಮ.

ವರ್ಷಗಳು ಹೋದವು. ಬೀಗಿತ್ತಿ ಕೆಲಸ ಬಿಟ್ಟು ಮಗಳ ಮನೆಗೇ ಬಂದು, ಅಂಗಡಿಯ ಸ್ಟೂಲು ಹಿಡಿದಳು. ಹೆಸರಿನ ಗಡುವು ಮುಗಿಯುವ ಮುಂಚೆ ನವೀಕರಿಸಬೇಕು, ಇಲ್ಲದಿದ್ದರೆ ಬೇರೆಯವರು ಎತ್ತಿಕೊಂಡು ಹೋಗ್ತಾರೆ ಅಂತ ಗುಂಡಿಯಮ್ಮನ ಕಿವಿ ಹಿಂಡುತ್ತಿದ್ದವಳು, ಬರುಬರುತ್ತಾ ತನ್ನ ಕನ್ನಡಕ ಎಲ್ಲಿಟ್ಟೆ ಅಂತ ಕೇಳತೊಡಗಿದಳು.

ಒಂದು ಮಧ್ಯಾಹ್ನ ತಾನಾಗಿಯೇ ಮಾತು ತೆಗೆದಳು.

"ಬೀಗ್ರೇ, ವೆಬ್‌ಸೈಟಿನ ಪಾಸ್‌ವರ್ಡ್ ಬದಲಾಯಿಸಿ."

"ಯಾಕೆ? ನಮ್ಮಿಬ್ಬರಿಗೂ ಗೊತ್ತಿದೆಯಲ್ಲ."

"ಅದಕ್ಕೇ. ನನ್ನ ತಲೆ ಈಗ ತೂತು ಮಡಕೆ. ನಿನ್ನೆ ಯಾರೋ ಫೋನ್ ಮಾಡಿ ಚೆನ್ನಾಗಿ ಮಾತಾಡಿದ್ರು. ಹುಟ್ಟಿದ ದಿನ, ಮಗಳ ಹೆಸರು, ಕೇಳಿದ್ದೆಲ್ಲ ಹೇಳ್ತಾ ಹೋದೆ. ಮಗಳು ಬಂದು ಫೋನ್ ಕಿತ್ಕೊಂಡಳು. ಸದ್ಯ, ಪಾಸ್‌ವರ್ಡಿನ ತನಕ ಬಂದಿರಲಿಲ್ಲ."

"ನಿಮಗೇ ಗೊತ್ತಿಲ್ಲದ ಮೇಲೆ, ಕೆಟ್ಟರೆ ನಾನು ಯಾರನ್ನ ಕೇಳಲಿ?"

"ಆಫೀಸಿಗೆ ಫೋನ್ ಮಾಡಿ. ಗಾಬರಿ ಆಗಬೇಡಿ. ಕಣ್ಣಿಗೆ ಕಂಡದ್ದು ಹೇಳಿ."

ಬೀಗಿತ್ತಿ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಗುಂಡಿಯಮ್ಮ ಒಂದೊಂದೇ ಬೆರಳಲ್ಲಿ, ತಡವರಿಸುತ್ತಾ, ಒತ್ತಿದಳು. ಎಲ್ಲ ಮುಗಿಸಿ, "ಆಯ್ತು," ಅಂದಳು.

ಬೀಗಿತ್ತಿ ಗೋಡೆ ನೋಡುತ್ತಲೇ ಹೇಳಿದಳು: "ನಾಳೆ ನಾನೇ ಬಂದು ಕೇಳ್ತೀನಿ, ಬೀಗ್ರೇ. ಬೈದು ಕೇಳ್ತೀನಿ, ಅತ್ತೂ ಕೇಳಬಹುದು. ಹೇಳಬೇಡಿ."