ಅತ್ತೆಯ ತಾಳಿಸರದ ಪಿನ್ನುಗಳು

ನಮ್ಮ ಅತ್ತೆಯ ತಾಳಿಸರದಲ್ಲಿ ಗುಂಡುಗಳಿಗಿಂತ ಪಿನ್ನುಗಳೇ ಹೆಚ್ಚಿದ್ದವು. ಅವರ ಬಲಗೈ ಮೊಣಕೈಯ ಹತ್ತಿರ ಮಡಚಿಕೊಂಡೇ ಇರುತ್ತಿತ್ತು. ರೊಟ್ಟಿ ಬಡಿಯುವುದು ಎಡಗೈಯಲ್ಲಿ, ಅದೂ ಗಬ್ಬೂರಿನಲ್ಲಿ ಇನ್ಯಾರಿಗೂ ಬಾರದಷ್ಟು ತೆಳ್ಳಗೆ. ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ ಬಿಡಿ.

ಆ ಕೈ ಮುರಿದದ್ದು ದೇವದುರ್ಗದ ದಾರಿಯಲ್ಲಿ. ಮಾವನ ಬೈಕಿನ ಹಿಂದೆ ಕೂತಿದ್ದಾಗ ತಲೆಯ ಮೇಲಿನ ಸೆರಗು ಗಾಳಿಗೆ ಜಾರಿ ಹಿಂದಿನ ಗಾಲಿಗೆ ಸುತ್ತಿಕೊಂಡಿತಂತೆ. "ಗಾಲಿ ನನ್ನ ಜಗ್ಗಾಕತ್ತಿತ್ತು, ನಿಮ್ಮ ಮಾವ ಹಾಡು ಹೇಳಾಕತ್ತಿದ್ರು" ಎಂದು ನಗುತ್ತಿದ್ದರು.

ನಮ್ಮ ಓಣಿಯಲ್ಲಿ ಹಿರಿಯರ ಎದುರು ಸೊಸೆಯ ತಲೆಯ ಮೇಲೆ ಸೆರಗಿರಬೇಕು. ಸೊಂಟಕ್ಕೆ ಸಿಕ್ಕಿಸಿದರೆ ಜಗಳಕ್ಕೆ ನಿಂತಳು ಎಂದೇ ಅರ್ಥ. ಮಾನ್ವಿಯ ತವರಿನಲ್ಲಿ ಅವ್ವ ಕಲಿಸಿದ್ದೂ ಅದನ್ನೇ. ದೇವದುರ್ಗದ ದವಾಖಾನೆಗೆ ನರ್ಸ್ ಕೆಲಸಕ್ಕೆ ಹೊರಟ ಮೊದಲ ದಿನ, ತಲೆತುಂಬ ಸೆರಗು ಹೊದ್ದು ಗಂಡನ ಬೈಕ್ ಹತ್ತಿದೆ. ಊರು ದಾಟಿದ ಮೇಲೆ ಕಟ್ಟಿಕೊಂಡರಾಯಿತು ಅಂದುಕೊಂಡಿದ್ದೆ. ಎದುರಿನ ಕಟ್ಟೆಯ ಮೇಲೆ ಮಾವನ ಅಣ್ಣ, ನಮ್ಮ ದೊಡ್ಡಮಾವ, ಓಣಿಯ ಹಿರಿಯರ ಜೊತೆ ಕೂತಿದ್ದರು.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನನ್ನು ಕೆಳಗಿಳಿಸಿದರು. ಸೆರಗನ್ನು ತಲೆಯಿಂದ ಎಳೆದು, ಸೊಂಟಕ್ಕೆ ಬಿಗಿಯಾಗಿ ಸುತ್ತಿ, ತಾಳಿಸರದ ಪಿನ್ನು ತೆಗೆದು ಚುಚ್ಚಿದರು. ದೊಡ್ಡಮಾವ ಮರ್ಯಾದೆಯ ಮಾತೆತ್ತಿ, ಇಂಥ ಕೆಲಸವೇ ಬೇಡ, ಸೊಸೆ ಮನೆಯಲ್ಲಿರಲಿ ಎಂದರು. ನನ್ನ ನೌಕರಿ ಮುಗಿಯಿತು ಎಂದುಕೊಂಡೆ. ಅವರೆದುರು ಎಂದೂ ಬಾಯಿ ತೆರೆಯದ ಅತ್ತೆ ಅಂದು ತಿರುಗಿ ನಿಂತರು.

"ನನ್ನ ಸೊಸಿ ಕೆಲಸಕ್ಕ ಹೋಗ್ತಾಳ್ರಿ. ಹೆಂಗ ಹೋದ್ಲೋ ಹಂಗ ಸಂಜಿಗೆ ಮನಿಗೆ ಬರಬೇಕು. ಸೆರಗು ಕಟ್ಟಿದಾಕಿ ನಾನು. ಏನ್ ಅನ್ನೂದದ, ನನಗ ಅನ್ರಿ."

ನಾನು ಬೈಕ್ ಹತ್ತಿ ಹೊರಟೆ.

ಆಮೇಲೆ ನಾನೇ ಸ್ಕೂಟಿ ಕಲಿತೆ. ಹೊರಡುವಾಗ ದಿನಾ ಅತ್ತೆಯದು ಒಂದೇ ಪ್ರಶ್ನೆ: "ಪಿನ್ನ ಹಾಕ್ಕೊಂಡೀ?" ಬಸ್ ಸ್ಟ್ಯಾಂಡಿನ ಹತ್ತಿರ ಯಾರ ಸೆರಗು, ಯಾರ ವೇಲು ಹಾರಾಡುತ್ತಿದ್ದರೂ ಅವರ ಗಾಡಿ ತಡೆದು ನಿಲ್ಲಿಸಿ, ಬೈದು, ತಮ್ಮದೇ ಪಿನ್ನು ಚುಚ್ಚಿ ಕಳಿಸುತ್ತಿದ್ದರು. ಊರ ಹೆಂಗಸರು ಅವರನ್ನು ದೂರದಿಂದ ಕಂಡರೇ ಸೆರಗು ಸುತ್ತಿಕೊಳ್ಳುವಂತಾಯಿತು. ಅವರ ಸೊಸೆ ಎಂದು ಹೇಳಿಕೊಳ್ಳುವುದೇ ನನಗೊಂದು ಹೆಮ್ಮೆ.

ಹೋದ ವರ್ಷ ಜ್ವರಕ್ಕೆ ಮಲಗಿದವರು ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಸ್ಕೂಟಿ ಚಾಲೂ ಮಾಡಿದೆ. ಕೇಳುವವರೇ ಇಲ್ಲವಲ್ಲ ಎಂದು ಕಣ್ಣು ತುಂಬಿ, ಹಾಗೇ ನಿಂತುಬಿಟ್ಟೆ.

ಕಟ್ಟೆಯ ಮೇಲಿಂದ ದೊಡ್ಡಮಾವ ಕೆಮ್ಮಿದರು.

"ಪಿನ್ನ ಹಾಕ್ಕೊಂಡೀ ಏನವ್ವಾ?"