ಹಾಳು ಕ್ಯಾಂಪಿಗೆ ಸವತಿ ತಾಳಿ ಒಯ್ದದ್ದು

ಹಾಳೂರು ಹುಡುಕಲು ನನಗೆ ನಕ್ಷೆ ಬೇಕಿಲ್ಲ. ಸೀತಾಫಲದ ಗಿಡ ಸಾಕು. ಮನುಷ್ಯರು ತಿಂದು ಉಗುಳಿದ ಬೀಜ ಮನುಷ್ಯರು ಇದ್ದಲ್ಲೇ ಹುಟ್ಟುತ್ತದೆ. ಅಡವಿಯಲ್ಲಿ ಒಂದೊಂದೇ ಚದುರಿ ನಿಂತ ಗಿಡ ಬೇರೆ, ಬಿದ್ದ ಗೋಡೆಯ ಮಣ್ಣಿನ ಮೇಲೆ ಗುಂಪುಗಟ್ಟಿ ನಿಂತ ಗಿಡ ಬೇರೆ. ಗುಂಪು ಕಂಡರೆ ಕಾಲಲ್ಲಿ ಕೆದರಿ ನೋಡುತ್ತೇನೆ. ಹೆಂಚಿನ ಚೂರು, ಬಳೆ ಚೂರು ಸಿಗುತ್ತವೆ. ಒರಳುಕಲ್ಲು ಬಾಯಿ ತೆರೆದು ಬಿದ್ದಿರುತ್ತದೆ. ಊರು ಬಿಡುವವರು ಬಾಗಿಲು ಒಯ್ಯುತ್ತಾರೆ, ತೊಲೆ ಒಯ್ಯುತ್ತಾರೆ, ಒರಳು ಬಿಟ್ಟು ಹೋಗುತ್ತಾರೆ. ಭಾರ.

ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಮಳೆ ಮುಗಿದ ಮೇಲೆ ಹಾಳೂರು ತಿರುಗಿ ಹಣ್ಣು ಕೀಳುವುದು, ಬುಟ್ಟಿಯಲ್ಲಿ ಹುಲ್ಲು ಹಾಸಿ ಹೊಸಪೇಟೆಗೆ ತಂದು ಮಾರುವುದು. ಕಂಪ್ಲಿ ಕಡೆ ಬೇಚಿರಾಕ್ ಅನ್ನುವ ಊರುಗಳಿವೆ. ಸರ್ಕಾರದ ಕಾಗದದಲ್ಲಿ ಹೆಸರು ಉಂಟು, ದೀಪ ಹಚ್ಚುವವರಿಲ್ಲ. ಡ್ಯಾಮಿನ ಹಿನ್ನೀರು ಇಳಿದಾಗ ಮುಳುಗಿದ ಊರುಗಳ ಕಟ್ಟೆ, ಮೆಟ್ಟಿಲು ಮೇಲೆ ಬರುತ್ತವೆ. ಅದನ್ನೂ ನೋಡಿದ್ದೇನೆ, ಹಣ್ಣಿಲ್ಲ, ಬರೀ ಕೆಸರು. ಹಂಪಿಯೂ ಹಾಳೂರೇ. ಅಲ್ಲಿ ಟಿಕೆಟ್ ಇಟ್ಟಿದ್ದಾರೆ, ಹಣ್ಣು ಕೀಳಲು ಬಿಡುವುದಿಲ್ಲ, ಅಷ್ಟೇ ವ್ಯತ್ಯಾಸ. ಹೆದರಿಕೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಕರಡಿಗೆ ಹೆದರುತ್ತೇನೆ. ಅದಕ್ಕೂ ಸೀತಾಫಲವೆಂದರೆ ಪ್ರಾಣ.

ಹೋದ ವರ್ಷ ಹಣ್ಣಿನ ಕಾಲದಲ್ಲಿ ಕಂಪ್ಲಿಯಿಂದ ನನ್ನ ಬೀಗತಿ ಬಂದಳು. ನನ್ನ ಮಗಳನ್ನು ಕೊಟ್ಟಿರುವುದು ಅವಳ ಮಗನಿಗೆ. ಬೀಗತಿ ಹಬ್ಬವಿಲ್ಲದೆ ಬಂದರೆ ಜಗಳಕ್ಕೇ ಬಂದಿರುತ್ತಾಳೆ ಎಂದು ನಾನು ನೀರು ಕೊಟ್ಟು ಎದುರಿಗೆ ಕುಳಿತೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಅರಿಶಿನದ ಡಬ್ಬಿ ತೆಗೆದಳು. ಒಳಗೆ ಸವತಿ ತಾಳಿ ಇತ್ತು.

ನಮ್ಮ ಜನರಲ್ಲಿ ಇದೊಂದು ಪದ್ಧತಿ. ಮೊದಲ ಹೆಂಡತಿ ಸತ್ತು ಗಂಡಸು ಇನ್ನೊಂದು ಮದುವೆಯಾದರೆ, ಬಂದವಳು ತನ್ನ ತಾಳಿಯ ಜೊತೆ ಸತ್ತವಳದ್ದೊಂದು ಗೊಂಬೆ ಕಟ್ಟಿಕೊಳ್ಳಬೇಕು. ಉಗುರಿನಷ್ಟು ಅಗಲದ ಬೆಳ್ಳಿ ತಗಡು, ಮೇಲೆ ಹೆಣ್ಣಿನ ಆಕಾರ, ಮುಖವಿರುವ ಕಡೆ ಎರಡು ಚುಕ್ಕೆ. ಹೊಸ ಸೀರೆ ಬಂದರೆ ಮೊದಲು ಹಿರಿಯಳ ಮುಂದೆ ಇಡಬೇಕು. ಹೋಳಿಗೆ ಮಾಡಿದರೆ ಮೊದಲ ಎಡೆ ಅವಳದು. ಮಗುವಿಗೆ ಜ್ವರ ಬಂದರೆ ಎಡೆಯಲ್ಲಿ ಏನು ಕಮ್ಮಿ ಮಾಡಿದೆ ಎಂದು ಅತ್ತೆ ಕೇಳುತ್ತಾಳೆ. ನನ್ನ ಬೀಗತಿ ಇದನ್ನು ನಲವತ್ತು ವರ್ಷದ ಮೇಲೆ ಮಾಡಿದ್ದಾಳೆ.

ನಾಲ್ಕು ವರ್ಷದ ಹಿಂದೆ ನನ್ನ ಬೀಗ ತೀರಿಕೊಂಡ. ಅವತ್ತು ಹೆಂಗಸರು ಅವಳ ತಾಳಿ ತೆಗೆದರು. ಸವತಿ ತಾಳಿ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಅದು ಇವಳ ಮುತ್ತೈದೆತನದ್ದಲ್ಲ, ಅವಳದ್ದು, ಅವಳು ಮುತ್ತೈದೆಯಾಗಿಯೇ ಸತ್ತವಳು ಎಂದು ಒಬ್ಬಳು ಅಂದಳು. ದಾರವೇ ಇಲ್ಲದ ಮೇಲೆ ಗೊಂಬೆ ಎಲ್ಲಿ ನಿಲ್ಲುತ್ತದೆ ಎಂದು ಇನ್ನೊಬ್ಬಳು. ಕೊನೆಗೆ ಅದನ್ನು ಅರಿಶಿನದ ಡಬ್ಬಿಗೆ ಹಾಕಿ ದೇವರ ಗೂಡಿನಲ್ಲಿ ಇಟ್ಟರು.

ಈಗ ಮೊಮ್ಮಗಳ ಮದುವೆ ಗೊತ್ತಾಗಿತ್ತು. ನನಗೂ ಮೊಮ್ಮಗಳು, ಅವಳಿಗೂ ಮೊಮ್ಮಗಳು. ತೋರಣಗಲ್ಲಿನಲ್ಲಿ ನರ್ಸ್ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಮೊದಲ ಮದುವೆ, ಹಿರಿಯಳನ್ನು ಗೂಡಿನಲ್ಲಿ ಬಿಟ್ಟರೆ ಒಳ್ಳೆಯದಾಗುವುದಿಲ್ಲ, ಹುಡುಗಿಯ ತಾಳಿಯ ಜೊತೆ ಪೋಣಿಸಿ ಕಳಿಸಿ ಎಂದು ಕಂಪ್ಲಿಯ ಮುದುಕಿಯರು ಶುರು ಮಾಡಿದ್ದರು. ಹುಡುಗಿ ನಕ್ಕು, ಬ್ಯಾಂಕ್ ಲಾಕರಿನಲ್ಲಿ ಇಡೋಣ ಅಜ್ಜಿ ಅಂದಿದ್ದಳಂತೆ. ಬೀಗತಿ ನಗಲಿಲ್ಲ. ತಾನು ಇರುವ ತನಕ ಆ ಮಾತು ತಡೆಯಬಹುದು, ತಾನು ಸತ್ತ ಮಾರನೇ ದಿನ ಅದನ್ನು ಒಯ್ದು ಆ ಹುಡುಗಿಯ ಕೊರಳಿಗೆ ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

"ನಾ ಹೊತ್ತದ್ದು ಸಾಕ್ರಿ," ಅಂದಳು. "ಆ ಕೂಸಿನ ಕೊಳ್ಳಾಗ ಬ್ಯಾಡ. ಯಾರದೋ ಅವರಿಗೆ ಕೊಟ್ಟು ಬರಾಮು. ಆಕಿನ್ನ ಎಲ್ಲಿ ಮಣ್ಣು ಮಾಡ್ಯಾರ ಅನ್ನದು ನಿಮಗೊಬ್ರಿಗೇ ಗೊತ್ತು."

ಅದು ನಿಜ. ಸಂಡೂರು ಗುಡ್ಡದ ಮೇಲೆ ಅದಿರಿನ ಕ್ಯಾಂಪಿನಲ್ಲಿ ನಾನು, ನನ್ನ ಗಂಡ, ನನ್ನ ಬೀಗ, ಅವನ ಮೊದಲ ಹೆಂಡತಿ ಎಲ್ಲರೂ ಒಟ್ಟಿಗೆ ಕೂಲಿ ಮಾಡಿದವರು. ಅವಳಿಗೆ ಜ್ವರ ಬಂತು, ನಾಲ್ಕನೇ ದಿನ ಸತ್ತಳು. ಆಮೇಲೆ ಅವನು ಕ್ಯಾಂಪ್ ಬಿಟ್ಟು ಕಂಪ್ಲಿಗೆ ಹೋಗಿ ಗದ್ದೆ ಕೆಲಸ ಹಿಡಿದು ಇವಳನ್ನು ಮದುವೆಯಾದ. ಒಮ್ಮೆಯೂ ತಿರುಗಿ ಬರಲಿಲ್ಲ. ಹೂಳಿದ ದಿನ ಇದ್ದವರಲ್ಲಿ ಉಳಿದವಳು ನಾನೊಬ್ಬಳೇ.

ಕಣ್ಣು ಮುಚ್ಚಿಕೊಂಡು ತೋರಿಸುತ್ತೇನೆ ಎಂದೆ. ಪ್ರತಿ ವರ್ಷ ಅದೇ ಕ್ಯಾಂಪಿನಲ್ಲಿ ಹಣ್ಣು ಕೀಳುತ್ತೇನಲ್ಲ. ಆದರೆ ನಾನು ಕೀಳುವುದು ಕೆಳಗಿನ ಶೆಡ್ಡುಗಳ ಹತ್ತಿರ. ಹೆಣ ಹೂಳುತ್ತಿದ್ದದ್ದು ಮೇಲೆ. ಅಲ್ಲಿ ಹಣ್ಣಿಲ್ಲ, ಅದಕ್ಕೆ ನಾನು ಆ ಕಡೆ ಹೋಗಿಯೇ ಇರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ನನಗೇ ಹೊಳೆದಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸಂಡೂರು ಬಸ್ ಹತ್ತಿ ನಡುದಾರಿಯಲ್ಲಿ ಇಳಿದೆವು. ಅವಳ ಚೀಲದಲ್ಲಿ ಹಸಿರು ಸೀರೆ, ಕುಂಕುಮ, ಒಂದು ಬಾಟಲಿ ನೀರು, ಎರಡು ಹೋಳಿಗೆ ಇದ್ದವು. ಗಣಿಯ ಗೇಟಿನ ಹತ್ತಿರ ಕಾವಲಿನ ಮುದುಕ ಇದ್ದ. ನನ್ನ ಪರಿಚಯದವನೇ, ವರ್ಷಕ್ಕೆ ಒಂದು ಬುಟ್ಟಿ ಹಣ್ಣು ಅವನಿಗೆ. ಇವತ್ತು ಜೊತೆಗಾರ್ತಿ ಇದ್ದಾಳಲ್ಲ, ಕರಡಿಗೆ ಊಟ ಜಾಸ್ತಿ ಆಯಿತು ಎಂದು ಚೇಷ್ಟೆ ಮಾಡಿ, ಮೇಲೆ ಅಂಚಿನ ತನಕ ಹೋಗಬೇಡಿ, ಮಣ್ಣು ಸಡಿಲ ಎಂದು ಒಳಗೆ ಬಿಟ್ಟ.

ಕ್ಯಾಂಪಿನಲ್ಲಿ ಎರಡು ಸಾಲು ಶೆಡ್ ಇದ್ದವು. ತಗಡು ಯಾವತ್ತೋ ಹೋಗಿದೆ, ಮೊಳಕಾಲೆತ್ತರ ಗೋಡೆ ಉಳಿದಿದೆ. ಗಣಿ ನಿಂತ ಮೇಲೆ ಗಿಡ ಬೆಳೆದು, ಎಲೆಯ ಮೇಲೆಲ್ಲ ಇನ್ನೂ ಕೆಂಪು ಧೂಳು. ಈ ಸಾಲು ನಮ್ಮ ಮಾಲೀಕನದು, ಆಚೆ ಸಾಲು ಇನ್ನೊಬ್ಬ ಮಾಲೀಕನದು. ನಡುವೆ ಗಡಿ. ಗಂಡಸರಿಗೆ ಅದು ಮಾಲೀಕರ ಜಗಳ, ನಮಗೆ ನೀರಿನ ಜಗಳ, ಏಕೆಂದರೆ ತೊಟ್ಟಿ ಆಚೆ ಕಡೆ ಇತ್ತು. ದಾಟಿದರೆ ಕೊಡ ಒಡೆಯುತ್ತಿದ್ದರು. ಆ ಕಡೆಯವರೂ ನಮ್ಮಂಥ ಕೂಲಿಯವರೇ, ಒಡೆಯುವಾಗ ನಮಗಿಂತ ಜೋರು.

ಬೀಗತಿ ಒಂದು ಗೋಡೆಯ ಮೇಲೆ ಕುಳಿತು ಸುಧಾರಿಸಿಕೊಂಡಳು. ಅವಳು ಕುಳಿತದ್ದು ಸವತಿಯ ಮನೆಯ ಗೋಡೆ. ಹೇಳಿದೆ. ದಡಬಡಿಸಿ ಎದ್ದು ನಿಂತಳು. ಮತ್ತೆ ಕುಳಿತು, ಆಕೆ ಹೇಗಿದ್ದಳು ಎಂದು ಕೇಳಿದಳು. ಇಷ್ಟು ವರ್ಷ ಗಂಡನನ್ನು ಕೇಳುವ ಧೈರ್ಯವಾಗಿರಲಿಲ್ಲವಂತೆ, ಅವನೂ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ಎರಡು ಚುಕ್ಕೆ.

ಇದ್ದದ್ದು ಹೇಳಿದೆ. ಕುಳ್ಳಿ. ಬಾಯಿ ಜೋರು. ಬುಟ್ಟಿ ಹೊರುವುದರಲ್ಲಿ ಗಂಡಸರನ್ನು ಮೀರಿಸುತ್ತಿದ್ದಳು. ಸಾರಿಗೆ ಉಪ್ಪು ಹಾಕಲು ಬರುತ್ತಿರಲಿಲ್ಲ. ಒಮ್ಮೆ ನೀರಿಗೆ ಹೋದಾಗ ಆಚೆಯವರು ಅವಳ ಕೊಡ ಒಡೆದರು. ನೇರ ನನ್ನ ಶೆಡ್ಡಿಗೆ ಬಂದು, ಕೇಳದೆ ನನ್ನ ಕೊಡ ಎತ್ತಿಕೊಂಡು ಮತ್ತೆ ಅಲ್ಲಿಗೇ ಹೋದಳು. ತುಂಬಿಕೊಂಡೇ ಬಂದಳು. ಕೊಡ ವಾಪಸು ಕೊಡಲಿಲ್ಲ. ಕೇಳಿದರೆ, ಇದು ನನ್ನದೇ, ನಿನ್ನದು ಅವರು ಒಡೆದರು ಅಂದಳು.

ಬೀಗತಿ ಬಾಯಿಗೆ ಸೆರಗು ಇಟ್ಟು ನಕ್ಕಳು. ಭಾಳ ಹೊತ್ತು ನಕ್ಕಳು.

"ಕೊಡ ಕದ್ದಾಕಿಗೆ ನಾ ಇಷ್ಟು ವರ್ಷ ಮೊದಲ ತುತ್ತು ಇಟ್ಟೀನಲ್ರಿ," ಅಂದಳು.

"ಉಪ್ಪು ಸರಿ ಇತ್ತೋ ಇಲ್ಲೋ ಅನ್ನದು ಆಕಿಗೆ ಗೊತ್ತಾಗಿರಂಗಿಲ್ಲ ಬಿಡ್ರಿ," ಅಂದೆ.

ಅಲ್ಲಿಂದ ಮೇಲೆ ಹತ್ತಿದೆವು. ದಾರಿ ಇದ್ದ ಕಡೆ ದಾರಿ ಇರಲಿಲ್ಲ. ಬೂದು ಬಣ್ಣದ ಕಸಮಣ್ಣಿನ ಗುಡ್ಡೆಯೊಂದು ಎದುರಿಗೆ ಬಂತು, ಸುತ್ತು ಹಾಕಿದೆವು. ನನ್ನ ನೆನಪಿನಲ್ಲಿ ಇದ್ದದ್ದು ಇಷ್ಟು: ಶೆಡ್ ಮುಗಿದು ಏರು, ಏರಿನ ಮೇಲೆ ಬಯಲು, ಬಯಲಿನಲ್ಲಿ ಕಲ್ಲಿನ ಗುಪ್ಪೆಗಳು. ಕರಡಿ ತೋಡಬಾರದೆಂದು ಹೆಣದ ಮೇಲೆ ಎದೆಮಟ್ಟ ಕಲ್ಲು ಒಟ್ಟುತ್ತಿದ್ದೆವು. ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದೆವು. ಏರು ಹತ್ತಿದ ಕೂಡಲೇ ಒಂದು ಗುಪ್ಪೆ ಕಂಡಿತು. ಎದೆಮಟ್ಟ ಕಲ್ಲು, ಮೇಲೆ ಮಾಸಿದ ಸುಣ್ಣ. ಇದೇ ಎಂದೆ. ಎರಡು ಮಾತಿಲ್ಲದೆ ಹೇಳಿದೆ.

ಬೀಗತಿ ಚಪ್ಪಲಿ ಬಿಟ್ಟಳು. ಕುಳಿತು ಸುತ್ತಲಿನ ಹುಲ್ಲು ಕಿತ್ತಳು. ಹೋಳಿಗೆ ಇಟ್ಟಳು, ಸೀರೆ ಮಡಿಚಿದ್ದು ಮಡಿಚಿದಂತೆ ಮೇಲೆ ಇಟ್ಟಳು. ಕುಂಕುಮ ಹಚ್ಚುವ ಮೊದಲು ಮುಖ ತೊಳೆಯಬೇಕಲ್ಲ, ಬಾಟಲಿ ನೀರು ಸುರಿದು ಮುಂದಿನ ಕಲ್ಲನ್ನು ಅಂಗೈಯಿಂದ ತಿಕ್ಕಿದಳು. ಧೂಳು ಹೋಯಿತು, ಸುಣ್ಣದ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದು ಕಾಣಿಸಿತು.

ನಾನು ಎರಡನೇ ಇಯತ್ತೆ ತನಕ ಓದಿದವಳು. ಅಕ್ಷರ ಕೂಡಿಸಲು ಹೊತ್ತು ಬೇಕು, ಅಂಕಿ ಮಾತ್ರ ಲಾರಿ ಎಣಿಸಿ ಎಣಿಸಿ ಬಾಯಿಪಾಠ. ಹದಿನೇಳು ಎಂದಿತ್ತು. ತಲೆ ಎತ್ತಿ ನೋಡಿದೆ. ಆಚೆ ಇನ್ನೂರು ಹೆಜ್ಜೆ ದೂರದಲ್ಲಿ ಇಂಥದ್ದೇ ಇನ್ನೊಂದು ಗುಪ್ಪೆ, ಅದರಾಚೆ ಮತ್ತೊಂದು. ಮೂರೂ ಒಂದೇ ಗೆರೆಯಲ್ಲಿ. ಹೆಣವನ್ನು ಯಾರೂ ದಾರ ಹಿಡಿದು ಹೂಳುವುದಿಲ್ಲ.

ಗಡಿಗುಪ್ಪೆ. ಎರಡು ಗಣಿಗಳ ನಡುವಿನ ಹದ್ದು ತೋರಿಸಲು ಸರ್ವೆಯವರು ಒಟ್ಟಿದ ಕಲ್ಲು.

ಸುಮ್ಮನಿರಬಹುದಿತ್ತು. ಅವಳು ಕುಂಕುಮ ಹಚ್ಚಿ, ಕೈ ಮುಗಿದು, ನೆಮ್ಮದಿಯಿಂದ ಬಸ್ ಹತ್ತುತ್ತಿದ್ದಳು. ಆದರೆ ನಲವತ್ತು ವರ್ಷ ಎರಡು ಚುಕ್ಕೆಗೆ ಹೆದರಿದವಳಿಗೆ ನಾನು ಕಲ್ಲಿನ ಮೇಲೆ ಬರೆದ ಹದಿನೇಳನ್ನು ಕೊಟ್ಟು ಕಳಿಸುವುದೇ? ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೇನಲ್ಲ, ಹಣ್ಣು ಮಾರುವವಳು ನಾನು. ಇದರಲ್ಲಿ ಬೇಡವಾಗಿತ್ತು.

ಹೇಳಿದೆ. ತಪ್ಪಿದೆ, ಇದು ಹೆಣದ್ದಲ್ಲ, ಗಡಿಯದು ಎಂದೆ.

ಅವಳ ಕೈ ಕುಂಕುಮದ ಡಬ್ಬಿಯಲ್ಲೇ ನಿಂತಿತು. ಹಾಗಾದರೆ ಅವಳದ್ದು ಎಲ್ಲಿ ಎಂದಳು. ಗುಪ್ಪೆಯ ಆಚೆ ಹತ್ತು ಹೆಜ್ಜೆ ಹೋದರೆ ಗೊತ್ತಾಯಿತು. ಅಲ್ಲಿ ನೆಲ ಮುಗಿದಿತ್ತು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಂಡಿ, ತಳದಲ್ಲಿ ಕೆಂಪು ನೀರು. ಬಯಲು ಇದ್ದದ್ದು ನಾವು ನಿಂತದ್ದಕ್ಕಿಂತ ಎರಡಾಳು ಎತ್ತರದಲ್ಲಿ. ಯಂತ್ರ ಬಂದ ಮೇಲೆ ಗುಡ್ಡವನ್ನೇ ಲಾರಿಗೆ ತುಂಬಿದರು ಎಂದು ಕೇಳಿದ್ದೆ. ಗುಡ್ಡ ಎಂದರೆ ಅದರ ಮೇಲಿನದ್ದೂ ಸೇರಿ ಎಂದು ಯೋಚಿಸಿರಲಿಲ್ಲ. ಎಲ್ಲಿ ಎಂದು ಅವಳು ಮತ್ತೆ ಕೇಳಿದಳು. ನಾನು ಕೈ ಎತ್ತಿ ಗುಂಡಿಯ ಮೇಲಿನ ಗಾಳಿಯನ್ನು ತೋರಿಸಿದೆ.

"ಮಣ್ಣೆಲ್ಲಾ ಏನು ಮಾಡಿದ್ರು?"

"ಲಾರ‍್ಯಾಗ ಹೋತು. ಅಲ್ಲಿಂದ ಹಡಗಿನ್ಯಾಗ. ಚೀನಾಕ್ಕ ಅಂತಾರ."

ಅವಳು ಗುಂಡಿ ನೋಡುತ್ತಾ ನಿಂತಳು. "ಗಡಿ ದಾಟಾಕ ಅಂಜಲಾರದಾಕಿ," ಅಂದಳು. "ಹೋಗಿರ್ತಾಳ."

ಅಳಲಿಲ್ಲ. ನನಗೂ ಅಳು ಬರಲಿಲ್ಲ. ಆದರೆ ತಾಳಿಯ ಅರಿಶಿನದ ಡಬ್ಬಿ ಅವಳ ಸೆರಗಿನಲ್ಲೇ ಇತ್ತು, ಮತ್ತೆ ಮನೆಗೆ ಒಯ್ದರೆ ಗೂಡು, ಗೂಡಿನಿಂದ ಹುಡುಗಿಯ ಕೊರಳು. ಗುಂಡಿಯ ನೀರಿಗೆ ಎಸೆದುಬಿಡಿ ಎಂದೆ. ಎಸೆಯಲು ಬಂದದ್ದಲ್ಲ, ಇಡಲು ಬಂದದ್ದು ಅಂದಳು. ಇಟ್ಟದ್ದು ಇಟ್ಟಲ್ಲೇ ಇರಬೇಕು, ನಾಳೆ ಯಾವನೋ ಇಲ್ಲಿಯೂ ಅಗೆದು ಲಾರಿಗೆ ತುಂಬಿದರೆ ಏನು ಬಂತು ಎಂಬುದು ಅವಳ ಲೆಕ್ಕ. ತಿರುಗಿ ಗುಪ್ಪೆಯ ಹತ್ತಿರ ಬಂದು, ಹದಿನೇಳರ ಮೇಲೆ ಬೆರಳಿಟ್ಟು, ಗಣಿ ಮತ್ತೆ ಶುರುವಾದರೆ ಇದನ್ನು ಕೀಳುತ್ತಾರೋ ಎಂದು ಕೇಳಿದಳು.

ಯೋಚಿಸಿ ಹೇಳಿದೆ. ಗಣಿಯ ಕೆಲಸ ನಾನು ಕಂಡವಳು. ಹೆಣ ಕಿತ್ತವರು ಉಂಟು, ಗುಡಿ ಕಿತ್ತವರು ಉಂಟು. ಗಡಿಗುಪ್ಪೆಯ ಒಂದು ಕಲ್ಲು ಸರಿದರೆ ಎರಡೂ ಕಡೆಯ ಮಾಲೀಕರು ಕೋರ್ಟಿಗೆ ಹೋಗುತ್ತಿದ್ದರು. ಒಂದು ಮಳೆಗಾಲದಲ್ಲಿ ಗುಪ್ಪೆ ಜರಿದು ಬಿದ್ದಾಗ ಎರಡೂ ಕಡೆಯ ಮೇಸ್ತ್ರಿಗಳು ಎದುರೆದುರು ನಿಂತು, ಒಂದೊಂದೇ ಕಲ್ಲು ಎಣಿಸಿ ಮತ್ತೆ ಒಟ್ಟಿಸಿದ್ದರು.

"ಗುಡ್ಡ ತಿಂತಾರ್ರಿ," ಅಂದೆ. "ಇದನ್ನ ಮುಟ್ಟಂಗಿಲ್ಲ."

"ಆತಲ್ಲ ಮತ್ತ."

ಅವಳು ಮೇಲಿನ ಒಂದು ಕಲ್ಲು ಎತ್ತಲು ಹೋದಳು, ಆಗಲಿಲ್ಲ. ನಾನೂ ಕೈ ಹಾಕಿದೆ. ಅಡಿಯಲ್ಲಿ ಒಂದು ಚೇಳು ಇತ್ತು, ಅದು ಸರಿದು ಹೋಗುವ ತನಕ ಕಲ್ಲು ಹಿಡಿದುಕೊಂಡೇ ನಿಂತೆವು. ಅವಳು ಒಂದು ಕೈ ಬಿಟ್ಟು ಡಬ್ಬಿಯಿಂದ ತಗಡು ತೆಗೆದು, ಸಂದಿನಲ್ಲಿ ಮುಖ ಮೇಲೆ ಮಾಡಿ ಇಟ್ಟಳು. ಕಲ್ಲು ಇಳಿಸಿದೆವು. ಕುಂಕುಮ ಹಚ್ಚಲಿಲ್ಲ, ಸರ್ವೆಯವರು ಕಂಡರೆ ಯಾರೋ ಮುಟ್ಟಿದ್ದಾರೆ ಎಂದು ಬಿಚ್ಚಿ ನೋಡುತ್ತಾರೆ ಎಂದು ನಾನೇ ತಡೆದೆ. ಕೆಂಪು ಅಂಕಿಯ ಮೇಲೆ ಅವಳು ಮತ್ತೆ ಹಿಡಿ ಧೂಳು ಸವರಿದಳು.

ಸೀರೆಯನ್ನು ವಾಪಸು ಚೀಲಕ್ಕೆ ಹಾಕಿದಳು. ಕಂಪ್ಲಿಯ ಮುದುಕಿಯರು ಕೇಳಿದರೆ ಏನು ಹೇಳುತ್ತೀರಿ ಎಂದೆ. ಮಣ್ಣು ಸಿಕ್ಕಿತು, ತಾಳಿ ಕೊಟ್ಟೆ, ಸಂಖ್ಯೆಯೂ ಇದೆ ಎಂದು ಹೇಳುತ್ತೇನೆ, ಬೇಕಾದರೆ ಹೋಗಿ ನೋಡಲಿ ಅಂದಳು. ಅವರು ಯಾರೂ ಆ ಏರು ಹತ್ತುವವರಲ್ಲ.

ಹೋಳಿಗೆ ನಾವೇ ತಿಂದೆವು. ಮೊದಲ ತುತ್ತು ಅವಳೇ ತಿಂದಳು.