ದಂಬೆಯ ಪಾಚಿ

"ಈ ಹೆಣ್ಣ್ ಓದಿ ಪಾಸಾಪ್ದೂ ಒಂದೇ, ಕಡಲ್ ನೀರ್ ಸೀ ಆಪ್ದೂ ಒಂದೇ" ಎಂದವರು ಬೀಜಾಡಿಯ ದೊಡ್ಡ ಮನೆಯ ಒಡತಿ. ಹೇಳಿದ್ದು ನನ್ನ ಅಬ್ಬಿಗೆ, ಅಂದರೆ ಹೆತ್ತವಳಿಗೆ. ನಾನು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಆ ಕಾಲದ ಬಾವಿ ನೀರು ಅಮೃತ ಎಂದು ಬರೆಯುವವರು ಈಗಲೂ ಇದ್ದಾರೆ. ನಾವು ಕುಡಿದದ್ದು ದಂಬೆಯ ನೀರು.

ಅಪ್ಪ ಬಲೆಗೆ ಹೋಗುತ್ತಿದ್ದ, ಅಬ್ಬಿ ಬುಟ್ಟಿ ಹೊತ್ತು ಕೋಟೇಶ್ವರದ ಕಡೆ ಮೀನು ಮಾರುತ್ತಿದ್ದಳು. ಬೇಸಗೆಯಲ್ಲಿ ನಮ್ಮ ಕೇರಿಯ ಬಾವಿ ಉಪ್ಪಾಗುತ್ತಿತ್ತು. ಸೀ ನೀರು, ಅಂದರೆ ಸಿಹಿ ನೀರು, ಬೇಕೆಂದರೆ ದೊಡ್ಡ ಮನೆಯ ಬಾವಿಯೇ ಗತಿ. ಅದರ ಕಟ್ಟೆ ಮುಟ್ಟುವ ಹಾಗಿಲ್ಲ. ಅಡಿಕೆ ಮರ ಸೀಳಿ ಮಾಡಿದ ಉದ್ದನೆಯ ದಂಬೆಯ ಒಂದು ತುದಿ ಕಟ್ಟೆಯ ಮೇಲೆ, ಇನ್ನೊಂದು ನಮ್ಮ ಕೊಡದ ಮೇಲೆ. ಒಡತಿ ಅಲ್ಲಿ ಸುರಿದರೆ ಇಲ್ಲಿ ಬೀಳುತ್ತಿತ್ತು.

ಆ ದಂಬೆಯನ್ನು ತೊಳೆಯುವವರು ಯಾರು? ನಾವು ಮುಟ್ಟಿದರೆ ಅವರಿಗೆ ಮೈಲಿಗೆ. ಅವರು ಮುಟ್ಟಲಾರರು, ನಮ್ಮ ಕೊಡ ತಾಗಿದ ಮರ ಅದು. ಹಾಗಾಗಿ ಯಾರೂ ತೊಳೆಯಲಿಲ್ಲ. ಒಳಗೆ ಮೂಗಿನ ಸಿಂಬಳದ ಹಾಗೆ ಪಾಚಿ ಬೆಳೆದಿತ್ತು. ಹಲ್ಲಿಯ ಹಿಕ್ಕೆ, ಸತ್ತ ಕಟ್ಟಿರುವೆ, ಕಾಗೆ ಬಿಟ್ಟುಹೋದ ಎಂತದೋ ಮುಳ್ಳು, ಎಲ್ಲ ನೀರಿನ ಜೊತೆ ಕೊಡಕ್ಕೆ ಇಳಿಯುತ್ತಿದ್ದವು. ಅಬ್ಬಿ ಸೆರಗಿನಲ್ಲಿ ಸೋಸುತ್ತಿದ್ದಳು. ಪಾಚಿಯ ವಾಸನೆ ಸೋಸಿದರೆ ಹೋಗುತ್ತದೆಯೇ? ಗಂಜಿಯಲ್ಲೂ ಅದೇ ನಾತ.

ಆ ಬೇಸಗೆ ಶಾಲೆಯಲ್ಲಿ ಮಾಷ್ಟ್ರು ನನ್ನ ಕೈಯಲ್ಲೇ ಕಡಲ ನೀರು ತರಿಸಿದರು. ಮೂರು ಕಲ್ಲಿಟ್ಟು ಬೆಂಕಿ ಮಾಡಿ, ಕುದಿವ ನೀರಿನ ಮೇಲೆ ತಣ್ಣನೆಯ ಮುಚ್ಚಳ ಹಿಡಿದರು. ಅದರ ಅಡಿ ತುಂಬ ಹನಿ.

"ನೆಕ್ಕಿ ಕಾಣ್" ಎಂದರು.

ನೆಕ್ಕಿದೆ. ಉಪ್ಪಿನ ಸುಳಿವೇ ಇಲ್ಲ. "ಮಾಷ್ಟ್ರೆ, ಸೀ ಆಯ್ತ್!" ಎಂದು ಕೂಗಿದೆ.

"ಬಿಸಿಲೂ ಇದನ್ನೇ ಮಾಡ್ತ್. ಕಡಲು ಆವಿಯಾಗಿ ಮೇಲೆ ಹೋತ್ತ್, ಉಪ್ಪು ಕೆಳಗೇ ಉಳಿತ್ತ್. ಆವಿ ಮೋಡವಾಗಿ ಕೊಡಚಾದ್ರಿ ಬದಿಗೆ ಹೋಯಿ ಮಳೆ ಸುರಿಸತ್ತ್. ಆ ನೀರು ಹೊಳೆಗೂ ಬತ್ತ್, ನೆಲಕ್ಕಿಳಿದು ಬಾವಿಗೂ ಬತ್ತ್. ಕಡೆಗೆ ತಿರುಗಿ ಕಡಲಿಗೇ."

ನನಗೆ ಆ ದಿನ ಊಟವೇ ಬೇಡವಾಯಿತು, ಅಷ್ಟು ಖುಷಿ. ಸಂಜೆ ಒಡತಿ ಕೊಡಪಾನ ಎತ್ತಿದ್ದೇ ಹೇಳಿಬಿಟ್ಟೆ.

"ಅಮ್ಮಾ, ಕಡಲ್ ನೀರ್ ಸೀ ಆತ್ತ್. ನಾನೇ ನೆಕ್ಕಿ ಕಂಡಿದೆ. ನಿಮ್ಮ ಬಾವಿ ನೀರೂ ನಮ್ಮ ಕಡಲಿಂದ್ಲೇ ಬಂದದ್ದಂಬ್ರ್!"

ಒಡತಿಯ ಮುಖ ಹುಳಿ ಹಿಂಡಿದ ಹಾಗಾಯಿತು. "ಹೌದಾ? ಹಂಗಾರೆ ಕಡಲಿಗೇ ಹೋಯಿ ಕುಡಿನಿ" ಎಂದು ತೆಂಗಿನ ಗರಿಯ ಕೊತ್ತಳಿಗೆ ತುಂಡಿನಿಂದ ದಂಬೆಯನ್ನು ಕೆಳಕ್ಕೆ ದೂಡಿದರು. ಆಮೇಲೆ ಅಬ್ಬಿಯ ಕಡೆ ತಿರುಗಿ, "ಈ ಹೆಣ್ಣಿನ ಶಾಲಿ ಬಿಡ್ಸ್. ನಾಳಿಂದ ನೀರ್ ಕೊಡ್ತೆ" ಎಂದರು.

ಖಾಲಿ ಕೊಡ ಹೊತ್ತು ಬರುವಾಗ ಅಬ್ಬಿ ಬಿರಬಿರನೆ ಮುಂದೆ ನಡೆದಳು. ಶಾಲೆ ಮುಗಿಯಿತು ಎಂದುಕೊಂಡೆ. ನೀರಿಲ್ಲದ ಮನೆಯಲ್ಲಿ ಪುಸ್ತಕ ಯಾರಿಗೆ ಬೇಕು? ಮನೆ ಹತ್ತಿರ ಬಂದದ್ದೇ ಅವಳು ಹಾರೆ ತೆಗೆದುಕೊಂಡು ತೆಂಗಿನ ಬುಡದ ಹೊಯ್ಗೆ, ಅಂದರೆ ಮರಳು, ತೋಡಲು ನಿಂತಳು. ಮೊಣಕಾಲು ಮಟ್ಟಕ್ಕೆ ನೀರು ಒಸರಿತು. ನಾನು ಇನ್ನೂ ತೋಡಲು ಹೋದರೆ ಕೈ ಹಿಡಿದಳು.

"ಆಳ ತೋಡ್ಬ್ಯಾಡ. ಮೇಲಿಂದ್ ಮಳೆ ನೀರ್, ಅಡಿಯಂಗೆ ಕಡಲ್."

ತೆಂಗಿನ ಗೆರಟೆಯಲ್ಲಿ ಮೆಲ್ಲ ಮೊಗೆದೆವು. ಒಂದು ಕೊಡ ತುಂಬುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಅದೂ ಅಮೃತವೇನಲ್ಲ. ಏಡಿ ಬಿದ್ದಿರುತ್ತಿತ್ತು, ಬದಿಯಲ್ಲೇ ಒಣಹಾಕಿದ ಮೀನಿನ ನಾತ. ಆದರೆ ಅದರಲ್ಲಿ ಪಾಚಿ ಇರಲಿಲ್ಲ. ಮಳೆ ಹಿಡಿಯುವವರೆಗೆ ಅದನ್ನೇ ಕುಡಿದು ಶಾಲೆಗೆ ಹೋದೆ.

ಈಗ ಅಲ್ಲಿ ತೋಡಿದರೆ ಮೊದಲ ಗೆರಟೆಯೇ ಉಪ್ಪು. ಸುತ್ತಲಿನ ಪಂಪುಗಳು ಮೇಲಿನ ಸೀ ನೀರನ್ನೆಲ್ಲ ಎಳೆದು ಮುಗಿಸಿವೆ. ಕಳೆದುಹೋದದ್ದು ಎಂದು ನಾನು ಅಳುವುದಾದರೆ ಆ ಹೊಯ್ಗೆ ಗುಂಡಿಗೆ ಮಾತ್ರ. ದಂಬೆ ಗೆದ್ದಲು ತಿಂದು ಹೋಯಿತು, ಒಳ್ಳೆಯದೇ ಆಯಿತು.

ಆದರೂ ಆ ದಂಬೆ ಪೂರ್ತಿ ಹೋಗಿರಲಿಲ್ಲ. ಬಿ.ಎ. ಸರ್ಟಿಫಿಕೇಟು ಹಿಡಿದು ಮನೆಗೆ ಬಂದ ದಿನ ಅದು ನನಗೆ ಗೊತ್ತಾಯಿತು. ನಮ್ಮ ಕೇರಿಗೇ ಮೊದಲ ಸರ್ಟಿಫಿಕೇಟು. ಅಬ್ಬಿ ಆಗಷ್ಟೇ ಮೀನು ಬುಟ್ಟಿ ಇಳಿಸಿದ್ದಳು. "ಹಿಡ್ಕೋ ಅಬ್ಬಿ" ಎಂದು ಚಾಚಿದೆ. ಅವಳು ಕೈ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ನಾನು ಮೇಲಿನಿಂದ ಹಾಕಲೆಂದು ಸೆರಗು ಚಾಚಿದಳು.

ಸೆರಗು ಸರಿಸಿ ಕಾಗದವನ್ನು ಅವಳ ಒದ್ದೆ ಕೈಯಲ್ಲೇ ಇಟ್ಟೆ. ಅವಳು ನನ್ನ ಮುಖ ನೋಡಿದಳು.

"ಮಗಾ, ಇದನ್ನ್ ನಾ ಮುಟ್ಲಕ್ಕಾ?"